ನಲವತ್ತು ಸೆಕೆಂಡಿನ ಒಡಪು

ಶಹಾಪುರದಲ್ಲಿ ನೀರೆತ್ತುವ ಮೋಟಾರು ಕೆಟ್ಟರೆ ಜನ ಮೊದಲು ನೆನೆಯುವುದು ಜಗದೇವಪ್ಪನನ್ನು, ಆಮೇಲೆ ದೇವರನ್ನು. ಕಾಲುವೆ ಬಂದ ಮೇಲೆ ಹುಟ್ಟಿದ ಅಂಗಡಿ ಅವನದು. ಮೂವತ್ತು ವರ್ಷದಿಂದ ಕಲಿತದ್ದು ಒಂದೇ ವಿದ್ಯೆ: ಬಿಚ್ಚು, ಹೂಳು ತೆಗೆ, ತೊಳೆ, ಕೂಡಿಸು. ಸಾವಿರ ಮೋಟಾರು ಉಳಿಸಿದ ಆ ವಿದ್ಯೆಯೇ ಕೊನೆಗೆ ಅವನ ಕೊರಳಿಗೆ ಬಂತು.

ಹೆಂಡತಿ ಬಸ್ಸಮ್ಮ ಅಂಗನವಾಡಿ ಟೀಚರು. ಹನ್ನೊಂದು ತಿಂಗಳ ಹಿಂದೆ ಎದೆನೋವೆಂದು ಕುಸಿದವಳು ಏಳಲಿಲ್ಲ. ಕೈಯಲ್ಲಿದ್ದ ಫೋನೂ ಬಿದ್ದು ಒಡೆದು ಹೋಯಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ಗಂಡನನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಏನ್ರಿ’, ‘ನಮ್ಮ ಮನಿಯವರು’, ಸಿಟ್ಟು ನೆತ್ತಿಗೇರಿದರೆ ‘ಆ ಮನುಷ್ಯಾ’, ಅಷ್ಟೆ. ರೇಷನ್ ಕಾರ್ಡಿನ ಕಚೇರಿಯಲ್ಲಿ ಗಂಡನ ಹೆಸರೇನೆಂದು ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದಳು.

ಒಡಪಿನಲ್ಲಿ ಮಾತ್ರ ಹೇಳಬಹುದು. ಎರಡು ಸಾಲು ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಬಸ್ಸಮ್ಮನಿಗೆ ಈ ಒಡಪುಗಳ ಹುಚ್ಚು. ಸುರಪುರ, ಕೊಡೇಕಲ್ ಕಡೆಯ ಹೆಂಗಸರ ದನಿಯಲ್ಲೇ ಅವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿನ ಒಂದು ಖಾತೆಯಲ್ಲಿ ಕೂಡಿಟ್ಟಿದ್ದಳು. ಎಲ್ಲಕ್ಕೂ ಕೊನೆಗೆ ತನ್ನದೂ ಒಂದು, ನಲವತ್ತು ಸೆಕೆಂಡಿನದು. ಮೊದಲು ಕೆಮ್ಮು, ಆಮೇಲೆ ನಗು, ನಗಿಸುತ್ತಿದ್ದ ಅಂಗನವಾಡಿಯ ಆಯಾ ಮದೀನಾಬಿಗೆ ‘ಸುಮ್ಮನಿರ’ ಎಂಬ ಗದರಿಕೆ, ಆಮೇಲೆ ಒಡಪು:

‘ಕಾಲುವಿ ನೀರ ಬಂದ್ರ ನೆಲ್ಲಿನ ಹೊಲ ತುಂಬತಾವ, ಜಗದೇವಪ್ಪನವರು ಬಂದ್ರ ನನ್ನ ಕಣ್ಣ ತುಂಬತಾವ.’

ಆಕೆಯ ದನಿ ಅಂತ ಈ ಲೋಕದಲ್ಲಿ ಉಳಿದದ್ದು ಅದೊಂದೇ. ಜಗದೇವಪ್ಪ ದಿನಾ ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ತೆರೆದು ಒಮ್ಮೆ ಕೇಳಿ, ಆಮೇಲೆ ಅಂಗಡಿಗೆ ಹೋಗುತ್ತಿದ್ದ. ಗುಂಡಿ ಒತ್ತಿದರೆ ಪುಟ ತಾನಾಗಿ ತೆರೆಯುತ್ತಿತ್ತು. ಅದಕ್ಕೊಂದು ಪಾಸ್‌ವರ್ಡ್ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಒಂದು ಸೋಮವಾರ ಬ್ರೌಸರು ತನ್ನಷ್ಟಕ್ಕೆ ತಾನು ಹೊಸದಾಯಿತು. ಅಪ್‌ಡೇಟ್ ಆಯಿತೆಂದು ಪರದೆಯ ಮೇಲೆ ಬರೆದು ಬಂತು. ಒಡಪಿನ ಪುಟ ಒತ್ತಿದರೆ ಬರೀ ಬಿಳಿ. ಮುಚ್ಚಿ ತೆರೆದ, ಆರಿಸಿ ಹಚ್ಚಿದ. ಬಿಳಿಯೇ. ಬಸ್ ಸ್ಟ್ಯಾಂಡ್ ಎದುರು ಆನ್‌ಲೈನ್ ಸೆಂಟರ್ ನಡೆಸುವ ಹಬೀಬಾಗೆ ಫೋನ್ ಮಾಡಿದ.

“ಏನೂ ಮುಟ್ಟಬ್ಯಾಡ್ರಿ ಕಾಕಾ, ಹಂಗ ತಗೊಂಡ ಬರ್ರಿ,” ಎಂದಳು ಹಬೀಬಾ.

ಕೇಳಿದರೆ ತಾನೆ? ಊರ ಮೋಟಾರೆಲ್ಲ ರಿಪೇರಿ ಮಾಡುವವನಿಗೆ ಇದ್ಯಾವ ಲೆಕ್ಕ. ಫೋನಿನಲ್ಲಿ ಹುಡುಕಿದ. ಬ್ರೌಸರಿನಲ್ಲಿ ಕೂಡಿಬಿದ್ದ ಹಳೆಯದನ್ನು ಅಳಿಸಿ ಎಂದಿತ್ತು. ಅವನಿಗೆ ಹಿಗ್ಗಾಯಿತು, ಇದು ಹೂಳಿನ ಮಾತು, ತನಗೆ ಗೊತ್ತಿದ್ದ ಮಾತು. ಒಂದರ ಕೆಳಗೊಂದು ಚೌಕಗಳಿದ್ದವು. ಏನೇನು ಅಳಿಸಬೇಕೋ ಅದಕ್ಕಷ್ಟೇ ಗುರುತು ಹಾಕಬೇಕಿತ್ತು. ಅರ್ಧ ಹೂಳು ತೆಗೆದು ಅರ್ಧ ಬಿಡುವ ಪೈಕಿಯವನಲ್ಲ ಜಗದೇವಪ್ಪ. ಎಲ್ಲಕ್ಕೂ ಗುರುತು ಹಾಕಿ ಒತ್ತಿದ.

ಪುಟ ಕೂಡಲೇ ತೆರೆಯಿತು. ಆದರೆ ಒಡಪು ಇರಲಿಲ್ಲ. ಪಾಸ್‌ವರ್ಡ್ ಹೇಳು ಎನ್ನುವ ಖಾಲಿ ಪೆಟ್ಟಿಗೆಯಿತ್ತು. ಗಂಡನ ಮನೆಗೆ ಹೋದ ಮಗಳ ಹೆಸರು ಹಾಕಿದ, ತಪ್ಪು. ಮಗಳು ಹುಟ್ಟಿದ ತಾರೀಕು ಹಾಕಿದ, ತಪ್ಪು. ಲ್ಯಾಪ್‌ಟಾಪ್ ಎತ್ತಿಕೊಂಡು ಹಬೀಬಾಳ ಹತ್ತಿರ ಓಡಿದ.

ಹಬೀಬಾ ನೋಡಿ ಹಣೆ ಹಿಡಿದುಕೊಂಡಳು. “ಬ್ರೌಸರ್ ನೆನಪ ಇಟ್ಟಿದ್ದ ಪಾಸ್‌ವರ್ಡ್ ಸುದ್ದಾ ಅಳಿಸೀರಿ ಕಾಕಾ. ಐದು ಸಲ ತಪ್ಪಾದ್ರ ಕೀಲಿ ಬೀಳ್ತದ. ಆಮ್ಯಾಗ ಕಾಕಿ ನಂಬರಿಗಿ ಬರೋ ಅಂಕಿ ಇದ್ರಷ್ಟ ತೆರೀತದ. ನಂಬರ್ ಚಾಲೂ ಅದ ಹೌದಲ್ರಿ?”

ಇರಲಿಲ್ಲ. ಸತ್ತವಳ ನಂಬರಿಗೆ ರೀಚಾರ್ಜ್ ಮಾಡಿಸುವಷ್ಟು ಗಟ್ಟಿ ಎದೆ ಅವನದಲ್ಲ. ಅದು ಯಾವಾಗಲೋ ರದ್ದಾಗಿತ್ತು.

ಮೂರನೆಯ ಸಲ ಅಬ್ಬೆತುಮಕೂರಿನ ಅಜ್ಜನ ಹೆಸರು ಹಾಕಿಸಿದ; ಬಸ್ಸಮ್ಮ ಆ ಮಠದ ಭಕ್ತೆ. ತಪ್ಪು. ನಾಲ್ಕನೆಯದು ಲಗ್ನದ ತಾರೀಕು. ಅದೂ ತಪ್ಪು.

“ನಿಮ್ಮ ಹೆಸ್ರ ಹಾಕಲೇನ್ರಿ?” ಎಂದಳು ಹಬೀಬಾ. “ಭಾಳ ಮಂದಿ ಗಂಡನ ಹೆಸ್ರ ಇಟ್ಟಿರ್ತಾರ.”

ಅಷ್ಟು ದುಃಖದಲ್ಲೂ ಜಗದೇವಪ್ಪನ ಮುಖದಲ್ಲಿ ಒಂದು ಹೆಮ್ಮೆ ಸುಳಿಯಿತು. “ಮಂದಿ ಮಾತು ಬಿಡವಾ. ಒಡಪಿನ್ಯಾಗ ಬಿಟ್ಟರ ಆಕಿ ನನ್ನ ಹೆಸ್ರ ಹಿಡ್ಯಾಕಿ ಅಲ್ಲ. ಮುದನಾಳ ಅಂತ ಹಾಕು, ಆಕಿ ತವರಮನಿ.”

ಹಬೀಬಾ ಎರಡು ಸಲ ಕೇಳಿದಳು. ಅವನು ಎರಡು ಸಲವೂ ಮುದನಾಳವೆಂದೇ ಹೇಳಿದ. ಕೀಲಿ ಬಿತ್ತು.

ಅಲ್ಲಿಂದ ಅವನು ನೇರ ಅಂಗನವಾಡಿಗೆ ನಡೆದ. ಮದೀನಾಬಿ ಮಕ್ಕಳ ಊಟದ ತಾಟು ತೊಳೆಯುತ್ತಿದ್ದಳು. ಟೀಚರು ಒಡಪು ರೆಕಾರ್ಡ್ ಮಾಡುವಾಗೆಲ್ಲ ಜತೆಗಿದ್ದವಳು. ಬಸ್ಸಮ್ಮ ತನ್ನ ಒಡಪನ್ನು ಬೇರೆಲ್ಲಾದರೂ ಇಟ್ಟಿದ್ದಳೇನೋ ಎಂದು ಕೇಳಿದ. ಇಲ್ಲವೆಂದಳು. ಆದದ್ದೆಲ್ಲ ಹೇಳಿದ. ತಾಟು ಅವಳ ಕೈಯಲ್ಲೇ ನಿಂತಿತು.

“ನನಗ ಒಂದ ಮಾತ ಕೇಳಬಾರದಿತ್ತೇನ್ರಿ ಸಾವ್ಕಾರ. ಟೀಚರ್ ನಿಮ್ಮ ಹೆಸ್ರನ ಇಟ್ಟಿದ್ರು. ಗಂಡನ ಹೆಸ್ರ ಹಿಡದ್ರಲ್ಲ ಅಂತ ನಾ ಚ್ಯಾಷ್ಟಿ ಮಾಡಿದ್ದೆ. ಬಾಯಿಲೆ ಹಿಡೀಬಾರದು ಅಂತಾರ, ಬೆರಳಿಲೆ ಹಿಡೀಬಾರದಂತ ಯಾರರೆ ಹೇಳ್ಯಾರೇನ ಅಂದ್ರು. ಫೋನಿನ್ಯಾಗ ಖಾತಾ ತೆರಿಯೋವಾಗ ದಿನಾ ಒಮ್ಮೆ ಬರಿಯೋದಾಗ್ತದಂತ ಹೇಳಿ ನಗ್ತಿದ್ರು.”

ಜಗದೇವಪ್ಪ ಕಟ್ಟೆಯ ಮೇಲೆ ಕುಳಿತ. ತನ್ನ ಮನೆಯಲ್ಲೇ, ತನ್ನ ಬೆನ್ನ ಹಿಂದೆಯೇ ಹೆಂಡತಿ ತನ್ನ ಹೆಸರು ಬರೆಯುತ್ತಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವಳನ್ನು ಅರೆದು ಕುಡಿದಿದ್ದೇನೆ ಅಂದುಕೊಂಡಿದ್ದ. ಆ ಹಮ್ಮಿನಿಂದಲೇ ಅವಳ ದನಿ ಕಳೆದುಕೊಂಡಿದ್ದ.

“ಆ ಒಡಪ ನಿನಗ ಬರ್ತದಲ್ಲ,” ಎಂದ. “ಒಮ್ಮೆ ಹೇಳವಾ.”

ಮದೀನಾಬಿ ಸೆರಗಿನಿಂದ ಕೈ ಒರೆಸಿಕೊಂಡಳು. “ಕಾಲುವಿ ನೀರ ಬಂದ್ರ ನೆಲ್ಲಿನ ಹೊಲ ತುಂಬತಾವ…” ಎಂದು ಟೀಚರ ಧಾಟಿಯಲ್ಲೇ ಹೇಳಿ ನಿಂತುಬಿಟ್ಟಳು. ಮುಂದಿನದು ಹೆಸರು. “ಅದನ್ನ ನಾ ಹೆಂಗ ಹೇಳ್ಲಿರಿ. ಅದು ಅವರ ಹಕ್ಕ.”

ಅವಳು ಹೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಜಗದೇವಪ್ಪ ತಾನೇ ಬಾಯಿ ತೆರೆದು ತನ್ನ ಹೆಸರು ಹೇಳಿದ. ಅದು ಕಚೇರಿಯಲ್ಲಿ ಹಾಜರಿ ಕೂಗಿದ ಹಾಗೆ ಕೇಳಿಸಿತು. ಮತ್ತೊಮ್ಮೆ, ಬಸ್ಸಮ್ಮನ ಹಾಗೆ ‘ಅವರು’ ಸೇರಿಸಿ ಹೇಳಿ ನೋಡಿದ. ಆಗಲೂ ಅವಳ ದನಿ ಬರಲಿಲ್ಲ. ಮಕ್ಕಳ ಮುಂದೆಯೇ ಅತ್ತುಬಿಟ್ಟ.