ಗಂಟು ಹಾಕದ ಟೊಪ್ಪಿಗೆ

ನಾನು ಟೊಪ್ಪಿಗೆಯಾಗಿಯೇ ಹುಟ್ಟಿದೆ, ಆದರೆ ಯಾರ ತಲೆಗೂ ಅಂತ ಹುಟ್ಟಲಿಲ್ಲ. ಒಂದು ದೊಡ್ಡ ಮೂಸಂಬಿಗೆ ತೊಡಿಸಿದರೆ ಸರಿಹೋಗುವಷ್ಟು ನನ್ನ ಗಾತ್ರ. ಬಣ್ಣ ಬೆಣ್ಣೆಯದು. ಬೆಟಗೇರಿಯ ಒಂದು ಓಣಿಯಲ್ಲಿ, ಎಸ್ತೇರವ್ವನ ಮನೆಯ ಹೊಸ್ತಿಲಿಗೆ ಬೆಳಗಿನ ಬಿಸಿಲು ಬಂದು ಕೂತಾಗ, ಅವಳ ಬೆರಳಿಗೂ ಕ್ರೋಶಾ ಕಡ್ಡಿಗೂ ನಡುವೆ ನಾನು ಸುತ್ತು ಸುತ್ತಾಗಿ ಬೆಳೆದೆ. ಬೆಳೆಯುವಾಗ ಅವಳು ತುಟಿ ಅಲುಗಿಸುತ್ತಿದ್ದಳು. ಕುಣಿಕೆ ಎಣಿಸುತ್ತಿದ್ದಳೋ, ಕರ್ತನನ್ನು ನೆನೆಯುತ್ತಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವೋ ಏನೋ.

ಎಸ್ತೇರವ್ವ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದು ಮುಪ್ಪಾದವಳು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಕಂಡು ಕಂಡು ಅವಳಿಗೊಂದು ಚಿಂತೆ ಹತ್ತಿತ್ತು. ಅಂಗಡಿಯ ಟೊಪ್ಪಿಗೆ ಆ ಪುಟ್ಟ ತಲೆಗಳಿಗೆ ನಿಲ್ಲುವುದಿಲ್ಲ, ಜಾರಿ ಕಣ್ಣಿಗೆ ಬರುತ್ತದೆ. ಮನೆಯಲ್ಲಿ ಹೆಣೆದದ್ದಕ್ಕೆ ನಡು ನೆತ್ತಿಯಲ್ಲಿ ಒಂದು ಗಂಟು ಇರುತ್ತದೆ, ಏಕೆಂದರೆ ಟೊಪ್ಪಿಗೆ ಶುರುವಾಗುವುದೇ ಆ ಗಂಟಿನಿಂದ. ಆ ಕೂಸುಗಳ ನೆತ್ತಿಯೋ, ಹಾಲಿನ ಕೆನೆಯ ಹಾಗೆ. ಮುಟ್ಟಿದರೆ ತಗ್ಗುತ್ತದೆ. ಅಲ್ಲಿ ಗಂಟು ಒತ್ತಬಾರದು ಅಂತ ಅವಳು ಎಷ್ಟೋ ಟೊಪ್ಪಿಗೆ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಕಡೆಗೆ ಗಂಟೇ ಇಲ್ಲದೆ ಶುರುವಾದವನು ನಾನು. ನನ್ನ ನೆತ್ತಿಯ ಮೇಲೆ ಬೆರಳಾಡಿಸಿದರೆ ಎಲ್ಲಿ ಶುರುವಾದೆನೆಂದು ಯಾರಿಗೂ ತಿಳಿಯುವುದಿಲ್ಲ.

ಶುರುವಿಗೆ ಗಂಟಿಲ್ಲ, ಸರಿ. ಕೊನೆಗಾದರೂ ಹಾಕಬೇಕಲ್ಲ. ಎಸ್ತೇರವ್ವ ಅದನ್ನೂ ಹಾಕಲಿಲ್ಲ. ಕೊನೆಯ ಕುಣಿಕೆಗೆ ಒಂದು ಪಿನ್ನು ಚುಚ್ಚಿ ಬಿಟ್ಟಳು. ನಾನು ಮಾದರಿ ಟೊಪ್ಪಿಗೆ. ಆ ಓಣಿಯ ಹೆಂಗಸರು ಹೊಸ ಹೆಣಿಗೆಯನ್ನು ಕಾಗದದಲ್ಲಿ ಬರೆದು ಕೊಡುವವರಲ್ಲ, ಮಾದರಿಯನ್ನೇ ಮನೆಯಿಂದ ಮನೆಗೆ ಕೊಡುವವರು. ತೆಗೆದುಕೊಂಡು ಹೋದವಳು ಪಿನ್ನು ತೆಗೆದು, ಒಂದೆರಡು ಸುತ್ತು ಬಿಚ್ಚಿ ನೋಡಿ, ತಿಳಿದ ಮೇಲೆ ಮತ್ತೆ ಹೆಣೆದು, ಪಿನ್ನು ಚುಚ್ಚಿ, ಜೊತೆಗೊಂದು ಮುಷ್ಟಿ ಸಕ್ಕರೆ ಇಟ್ಟು ವಾಪಸು ಕೊಡಬೇಕು. ಗಂಟು ಹಾಕಿದ ಮಾದರಿ ಗೋಡೆಗೆ ತೂಗು ಹಾಕಲಿಕ್ಕೆ ಚಂದ, ಕಲಿಯಲಿಕ್ಕೆ ಬಾರದು ಅಂತ ಎಸ್ತೇರವ್ವ ಹೇಳುತ್ತಿದ್ದಳು.

ಅವಳಿಗೆ ಹೇಳುವುದು ಸುಲಭ. ನನ್ನ ಜೀವ ಇದ್ದದ್ದು ಆ ಪಿನ್ನಿನ ತುದಿಯಲ್ಲಿ. ಅದು ಜಾರಿದರೆ ಒಂದು ಕುಣಿಕೆ ಜಾರುತ್ತದೆ. ಒಂದು ಜಾರಿದರೆ ಅದರ ಬೆನ್ನಿಗೆ ಇನ್ನೊಂದು. ಯಾರಾದರೂ ನನ್ನನ್ನು ಕೈಗೆತ್ತಿಕೊಂಡು 'ಎಷ್ಟ ಚಂದ ಐತಿ' ಅಂದರೆ ಸಾಕು, ನನಗೆ ನಡುಕ ಹುಟ್ಟುತ್ತಿತ್ತು. ಮೆಚ್ಚಿದವರೇ ಬಿಚ್ಚುವವರು.

ನನ್ನ ಜೊತೆಗೆ ಮಾದರಿ ಕಾಲುಚೀಲವೊಂದಿತ್ತು. ಒಂದೇ ಉಂಡೆಯ ಉಲ್ಲನ್ನಿನಿಂದ ಹುಟ್ಟಿದವರು ನಾವು, ಒಂದೇ ಡಬ್ಬಿಯಲ್ಲಿ ಮಲಗಿದವರು. ಓಣಿಯ ತುದಿಮನೆಯ ಖೈರುನ್ನಿಸಾ ಅದನ್ನು ತೆಗೆದುಕೊಂಡು ಹೋದಳು. ಬಾಯಿ ಜೋರು, ಮನಸ್ಸು ಮೆದು ಆ ಹೆಣ್ಣುಮಗಳದು. ಹಿಮ್ಮಡಿ ತಿರುಗುವ ಕಡೆ ಅವಳಿಗೆ ತಿಳಿಯಲಿಲ್ಲವಂತೆ. ಇನ್ನೊಂದು ಸುತ್ತು ನೋಡೋಣ, ಇನ್ನೊಂದು ಸುತ್ತು ನೋಡೋಣ ಅಂತ ಬಿಚ್ಚುತ್ತ ಹೋದಳಂತೆ. ಕಡೆಗೊಂದು ದಿನ ಊಟದ ಡಬ್ಬಿಯಲ್ಲಿ ಸಕ್ಕರೆ, ಅದರ ಪಕ್ಕ ಒಂದು ಸಣ್ಣ ಉಂಡೆ ಇಟ್ಟುಕೊಂಡು ಬಂದಳು.

"ಎಸ್ತೇರಕ್ಕ, ನಿನ್ನ ಕಾಲುಚೀಲ ಕಾಲು ಕಳಕೊಂಡು ಬಂದೈತಿ," ಅಂದಳು. ಎಸ್ತೇರವ್ವ ಹೊಟ್ಟೆ ಹಿಡಿದು ನಕ್ಕಳು. ಆ ಉಂಡೆಯನ್ನು ನನ್ನ ಪಕ್ಕದಲ್ಲೇ ಇಟ್ಟರು. ನಾನು ಮೆಲ್ಲಗೆ ಮಾತಾಡಿಸಿದೆ. ಉತ್ತರವಿಲ್ಲ. ಎಳೆಯ ಮೈಯೆಲ್ಲ ಸುಕ್ಕು ಸುಕ್ಕಾಗಿತ್ತು. ಮರುದಿನ ಎಸ್ತೇರವ್ವ ಅದನ್ನು ಮತ್ತೆ ಹೆಣೆದಳು, ಖೈರುನ್ನಿಸಾ ಪಕ್ಕದಲ್ಲಿ ಕೂತು ಕಲಿತಳು. ಹೊಸ ಕಾಲುಚೀಲ ಹಳೆಯದರ ಹಾಗೆಯೇ ಇತ್ತು. ಆದರೆ ಮೊದಲಿದ್ದದ್ದೇ ಇದು ಹೌದೋ ಅಲ್ಲವೋ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ನನ್ನನ್ನು ಮಾತ್ರ ಯಾರೂ ಪೂರಾ ಬಿಚ್ಚಲಿಲ್ಲ. ಅದಕ್ಕೆ ಕಾರಣ ಆ ಹೆಂಗಸರ ಒಂದು ನಂಬಿಕೆ. ಕೂಸಿನ ಟೊಪ್ಪಿಗೆಯ ಶುರು ಒಳ್ಳೆಯ ಕೈಗುಣದವರಿಂದಲೇ ಆಗಬೇಕು ಅಂತ ಅವರ ಎಣಿಕೆ. ಎಷ್ಟೋ ಕೂಸುಗಳನ್ನು ಮೊದಲು ಎತ್ತಿಕೊಂಡ ಕೈ ಎಸ್ತೇರವ್ವನದು. ಅದಕ್ಕಿಂತ ಒಳ್ಳೆಯ ಕೈ ಇನ್ನಾವುದು? ಹಾಗಾಗಿ ಎಲ್ಲರೂ ನೆತ್ತಿಯ ಮೊದಲ ಸುತ್ತನ್ನು ಅವಳಿಂದಲೇ ಹಾಕಿಸಿಕೊಂಡು, ಮುಂದಿನದನ್ನು ನನ್ನನ್ನು ನೋಡಿ ಹೆಣೆಯುತ್ತಿದ್ದರು. ಅವಳು ಕಲಿಸುತ್ತೇನೆಂದರೂ ಒಲ್ಲೆ ಅನ್ನುತ್ತಿದ್ದರು. ಅಂಚು, ಮಗ್ಗುಲು, ಕಿವಿ ಮುಚ್ಚುವ ಭಾಗ, ಎಲ್ಲವೂ ಓಣಿಗೆಲ್ಲ ಬಂತು. ಶುರು ಮಾತ್ರ ಒಬ್ಬಳ ಬೆರಳಲ್ಲೇ ಉಳಿಯಿತು. ಆ ದಿನಗಳಲ್ಲಿ ನನಗದು ದೇವರೇ ಕೊಟ್ಟ ಕಾವಲಿನಂತೆ ಕಂಡಿತ್ತು.

ಎಸ್ತೇರವ್ವನಿಗೆ ಲಕ್ವ ಹೊಡೆದಾಗ ನಾನು ನಿಂಬೆವ್ವನ ಮನೆಯಲ್ಲಿದ್ದೆ. ನಿಂಬೆವ್ವ ಎಸ್ತೇರವ್ವನ ಹತ್ತಿರವೇ ಹೆಣಿಗೆ ಕಲಿತವಳು. ಕಡಿಮೆ ಮಾತಿನವಳು, ಗಂಡನನ್ನು ಕಳೆದುಕೊಂಡವಳು. ಸುದ್ದಿ ಬಂದ ದಿನ ಅವಳು ನನ್ನನ್ನು ದೇವರ ಮಾಡದಲ್ಲಿಟ್ಟು ಕೈಮುಗಿದಳು. ಎಸ್ತೇರವ್ವನ ಬಲಗೈ ಸತ್ತಿತು, ಮಾತು ನಿಂತಿತು. ಅವಳು ಶುರು ಮಾಡಿಟ್ಟಿದ್ದ ನೆತ್ತಿಗಳೆಲ್ಲ ಒಂದೊಂದಾಗಿ ಟೊಪ್ಪಿಗೆಯಾಗಿ ವಾರ್ಡಿಗೆ ಹೋದವು. ಆಮೇಲೆ ಹೋಗಲಿಕ್ಕೆ ಏನೂ ಇರಲಿಲ್ಲ. ಮಾಡದಲ್ಲಿ ದೀಪದ ಹೊಗೆ ನನ್ನ ಮೈಗೆ ಹತ್ತುತ್ತಿತ್ತು. ಯಾರೂ ನನ್ನನ್ನು ಮುಟ್ಟುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ನೆಮ್ಮದಿಯಿಂದ ನಾನು ಇದ್ದದ್ದೇ ಇಲ್ಲ.

ಆಗ ನಿಂಬೆವ್ವನ ಮಗಳು ಪ್ರಭಾವತಿ ಏಳು ತಿಂಗಳಿಗೇ ಹಡೆದಳು. ಅವಳಿ, ಎರಡೂ ಹೆಣ್ಣು.

ನಿಂಬೆವ್ವ ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದಳು. ಕೂಸುಗಳನ್ನು ಎದೆಗೆ ಅಪ್ಪಿಕೊಂಡು ಮೈಯ ಕಾವು ಕೊಡಬೇಕು ಅಂತ ಸಿಸ್ಟರ್ ಹೇಳಿದ್ದರು. ಒಂದು ಪ್ರಭಾವತಿಯ ಎದೆಯಲ್ಲಿ, ಇನ್ನೊಂದು ಅಜ್ಜಿಯ ಎದೆಯಲ್ಲಿ. ಆದರೆ ಕಾವು ತಲೆಯಿಂದಲೇ ಹೋಗುತ್ತದೆ, ತಲೆ ಮುಚ್ಚಿರಬೇಕು. ಸುತ್ತಿದ ಬಟ್ಟೆ ಮತ್ತೆ ಮತ್ತೆ ಜಾರುತ್ತಿತ್ತು. ವಾರ್ಡಿನಲ್ಲಿದ್ದ ಸಣ್ಣ ಟೊಪ್ಪಿಗೆಗಳು ಯಾವಾಗಲೋ ಮುಗಿದಿದ್ದವು.

ಪಿನ್ನು ಕೂಸಿಗೆ ಚುಚ್ಚಬಾರದೆಂದು ಅದಕ್ಕೊಂದು ಚಿಂದಿ ಸುತ್ತಿ, ನನ್ನನ್ನು ಸಣ್ಣ ಕೂಸಿನ ತಲೆಗೆ ಇಟ್ಟರು. ಮಾದರಿಯಾದ ನನಗೆ ತಲೆ ಎಂದರೇನೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನ ನೆತ್ತಿಯ ಕೆಳಗೆ ಅದರ ನೆತ್ತಿ ಪುಟುಪುಟು ಅನ್ನುತ್ತಿತ್ತು. ಹಕ್ಕಿಮರಿಯ ಗಂಟಲಿನ ಹಾಗೆ. ಅದು ನಿಂತುಬಿಟ್ಟರೆ ಅಂತ ನನಗೆ ಎಂಥ ಭಯವಾಯಿತೆಂದರೆ, ಮೊದಲ ಸಲ ನಾನು ಪಿನ್ನನ್ನು ಮರೆತೆ. ಸ್ವಲ್ಪ ಹೊತ್ತಿಗೆ ಕೂಸು ಬೆಚ್ಚಗಾಯಿತು. ಅಷ್ಟರಲ್ಲಿ ದೊಡ್ಡದು ತಣ್ಣಗಾಗಿತ್ತು. ನನ್ನನ್ನು ತೆಗೆದು ಅದಕ್ಕೆ ಹಾಕಿದರು. ಅದು ಕಾವಾಗುವ ಹೊತ್ತಿಗೆ ಸಣ್ಣದರ ಪಾದ ನೀಲಿ. ಹೀಗೆ ಈ ತಲೆಯಿಂದ ಆ ತಲೆಗೆ, ಆ ತಲೆಯಿಂದ ಈ ತಲೆಗೆ. ತೆಗೆಯುವ ಪ್ರತಿ ಸಲವೂ ಯಾರಿಂದಲೋ ಏನನ್ನೋ ಕಿತ್ತುಕೊಂಡು ಹೋಗುವ ಕಳ್ಳನಾದೆ ಅನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಸಿಸ್ಟರ್ ಕೂಸುಗಳ ಕಾವು ನೋಡಿ ತುಟಿ ಕಚ್ಚಿದರು. "ಸಣ್ಣದರದು ಇಳೀತೈತಿ, ಅಜ್ಜಿ. ಸಂಜೀ ತನಕ ನೋಡತೀವಿ. ನಿಲ್ಲಲಿಲ್ಲಂದ್ರ ಅದೊಂದನ್ನ ಹುಬ್ಬಳ್ಳಿಗೆ ಕಳಸಬೇಕಾಗತದ. ಬಾಣಂತಿನ್ನ ಈಗ ಏಳಿಸಾಕ ಬರಾಂಗಿಲ್ಲ."

ಪ್ರಭಾವತಿ ಸಣ್ಣ ಕೂಸಿನ ಸುತ್ತ ಕೈ ಬಿಗಿ ಮಾಡಿದಳು.

ಖೈರುನ್ನಿಸಾ ತಾನೊಂದು ಟೊಪ್ಪಿಗೆ ಹೆಣೆದು ತಂದಿದ್ದಳು. ಗಂಟಿನಿಂದ ಶುರುವಾದದ್ದು. ತೊಡಿಸಿ ತೆಗೆದು ನೋಡಿದರೆ ಕೂಸಿನ ನೆತ್ತಿಯ ಮೇಲೆ ಮೆಣಸಿನ ಕಾಳಿನಷ್ಟು ಕೆಂಪು ತಗ್ಗು. ಸಿಸ್ಟರ್ ಅದನ್ನು ಬೇಡವೆಂದರು. ಖೈರುನ್ನಿಸಾ ನನ್ನನ್ನು ಕೈಗೆ ತಗೊಂಡು ತಿರುವಿ ತಿರುವಿ ನೋಡಿದಳು. ನಾನು ಪಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇದರ ಬಾಯಿ ಎಲ್ಲಿ ಐತಿ, ಮುಕಳಿ ಎಲ್ಲಿ ಐತಿ ಒಂದೂ ತಿಳೀವಲ್ದು," ಅಂದಳು. "ನಿಂಬಕ್ಕ, ನೀನ ಏನರ ಶುರು ಮಾಡಿ ನೋಡು."

"ನನ್ನ ಕೈಲೆ ಬ್ಯಾಡ," ಅಂದಳು ನಿಂಬೆವ್ವ. "ಗಂಡನ್ನ ಉಳಿಸಿಕೊಳ್ಳಲಾರದ ಕೈ ಇದು. ಹಸಗೂಸಿನ ನೆತ್ತಿಗೆ ಇದರ ಗುಣ ಹತ್ತೋದು ಬ್ಯಾಡ."

"ಹಂಗಾರ ಕೈಗುಣದಾಕಿ ಕಡೆ ಹೋಗೂಣು ನಡಿ. ಬಾಯಿ ಹೋದ್ರ ಏನಾತು, ಕಣ್ಣು ಅದಾವಲ್ಲ."

ಸಣ್ಣ ಕೂಸಿನ ತಲೆಗೆ ಬಟ್ಟೆ ಸುತ್ತಿ, ದೊಡ್ಡದನ್ನು ಸಿಸ್ಟರಿಗೆ ಒಪ್ಪಿಸಿ, ನನ್ನನ್ನು ಎತ್ತಿಕೊಂಡು ಹೊರಟರು. ಬಿಟ್ಟು ಬರುವಾಗ ಆ ನೆತ್ತಿಯ ಪುಟುಪುಟು ನನ್ನ ಒಳಮೈಗೆ ಅಂಟಿಕೊಂಡೇ ಬಂತು.

ಎಸ್ತೇರವ್ವ ಅದೇ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ನಿಂಬೆವ್ವ ನನ್ನನ್ನು ಅವಳ ಮಡಿಲಲ್ಲಿಟ್ಟು ಎಲ್ಲ ಹೇಳಿದಳು. ಅವಳಿ, ಕಾವು, ಸಂಜೆಯ ಗಡುವು. ಎಸ್ತೇರವ್ವನ ಬಾಯಿ ಏನೋ ಹೇಳಲು ಸೊಟ್ಟಗಾಯಿತು, ಬರೀ ಗಾಳಿ ಬಂತು. ಎಡಗೈಯಲ್ಲಿ ಕಡ್ಡಿ ಕೊಟ್ಟರು, ಬಿತ್ತು. ಮತ್ತೆ ಕೊಟ್ಟರು, ಮತ್ತೆ ಬಿತ್ತು. ಖೈರುನ್ನಿಸಾ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಆಗ ಎಸ್ತೇರವ್ವ ಆ ಎಡಗೈಯಿಂದಲೇ ನನ್ನನ್ನು ಸವರಿದಳು. ಬಹಳ ದಿನದ ಮೇಲೆ ನನ್ನನ್ನು ಹಡೆದ ಕೈ. ನಾನು ಅದರೊಳಗೆ ಮುದುಡಿಕೊಂಡೆ. ಅವಳಿದ್ದಾಳೆ, ಇನ್ನು ಭಯವಿಲ್ಲ ಅಂದುಕೊಂಡೆ. ಅವಳ ಬೆರಳು ಅಂಚಿನ ಉದ್ದಕ್ಕೂ ಹರಿದು ಪಿನ್ನಿನ ಹತ್ತಿರ ಬಂತು, ನಿಂತಿತು, ಪಿನ್ನನ್ನು ಬಿಚ್ಚಿ ತೆಗೆಯಿತು. ಎಳೆಯ ತುದಿಯನ್ನು ಹಿಡಿದು ನಿಂಬೆವ್ವನ ಕೈಗೆ ಕೊಟ್ಟಿತು.

"ಬ್ಯಾಡಕ್ಕ," ಅಂದಳು ನಿಂಬೆವ್ವ. "ಇದೊಂದ ಉಳದೈತಿ. ತಿಳೀದಿದ್ರ ಇದೂ ಹೋಗತೈತಿ, ಅವೂ ಹೋಗತಾವ."

ಎಸ್ತೇರವ್ವ ಅವಳನ್ನು ದಿಟ್ಟಿಸಿದಳು, ಅಷ್ಟೇ. ನಿಂಬೆವ್ವ ಎಳೆದಳು.

ಅಂಚು ಹೋಯಿತು. ಮಗ್ಗುಲು ಹೋಯಿತು. ಪಟಪಟ ಪಟಪಟ ಅಂತ ಕುಣಿಕೆಗಳು ಒಂದರಿಂದೊಂದು ಬಿಟ್ಟುಕೊಂಡವು. ದೇವರೇ, ನಿಲ್ಲಿಸು ಅಂದೆ. ನಿಲ್ಲಿಸಲಿಲ್ಲ. ಆಮೇಲೆ, ದೇವರೇ, ಇವಳ ಕಣ್ಣಿಗೆ ಕಾಣಿಸು ಅಂದೆ. ಹಾಗೆ ಬೇಡುವಾಗ ನನ್ನ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಸುಕ್ಕುಸುಕ್ಕಾಗಿ ಬಿದ್ದಿತ್ತು. ಮಾತಿಗೆ ಉತ್ತರ ಕೊಡದ ಆ ಉಂಡೆ ನೆನಪಾಯಿತು. ಎಷ್ಟು ಕುಣಿಕೆ ಉಳಿದರೆ ನಾನು ನಾನಾಗಿರುತ್ತೇನೆ? ಯಾರನ್ನು ಕೇಳಲಿ?

ಮೊದಲ ಸುತ್ತಿಗೆ ಬಂದಾಗ ಎಸ್ತೇರವ್ವ ಎಡಗೈ ಎತ್ತಿದಳು. ನಿಂಬೆವ್ವ ನಿಂತಳು. ಉಳಿದದ್ದು ನಾಲ್ಕಾರು ಕುಣಿಕೆಯ ಒಂದು ಹೂವು, ಅದರ ಒಳಗೆ ಬಚ್ಚಿಟ್ಟಿದ್ದ ಎಳೆಯ ಒಂದು ಬಾಲ. ಎಸ್ತೇರವ್ವ ಉಗುರಿನಿಂದ ಆ ಬಾಲವನ್ನು ಸಡಿಲಿಸಿದಳು. ಹೂವು ಮೆಲ್ಲಗೆ ಬಾಯಿಬಿಟ್ಟು ಬಳೆಯಾಯಿತು. ಆ ಬಳೆಯನ್ನು ಅವಳು ನಿಂಬೆವ್ವನ ತೋರುಬೆರಳಿಗೆ ತೊಡಿಸಿದಳು. ತೊಡಿಸಿ, ಬಾಲವನ್ನು ಜಗ್ಗಿದಳು. ಬಳೆ ಬೆರಳಿಗೆ ಬಿಗಿಯಾಯಿತು.

ನಿಂಬೆವ್ವ ಬಾಲವನ್ನು ಸಡಿಲಿಸಿ, ಮತ್ತೆ ಜಗ್ಗಿ ನೋಡಿದಳು. "ಗಂಟ ಅಲ್ಲ," ಅಂದಳು. "ಬೆರಳಿಗಿ ಸುತ್ತಿದ ಎಳಿ. ಅದರ ಮ್ಯಾಲ ಮೊದಲನೇ ಸುತ್ತ ಹೆಣದು, ಆಮ್ಯಾಲ ಬಾಲ ಜಗ್ಗಿ ಮುಚ್ಚೂದು."

ಎಸ್ತೇರವ್ವ ಕಣ್ಣು ಮುಚ್ಚಿ ತೆರೆದಳು. ಖೈರುನ್ನಿಸಾ ಹೊಸ ಉಲ್ಲನ್ ಮುಂದೆ ಹಿಡಿದಾಗ ನಿಂಬೆವ್ವನ ಕೈ ಹಿಂದೆ ಸರಿಯಿತು. ಎಸ್ತೇರವ್ವ ಅದನ್ನು ಹಿಡಿದುಕೊಂಡಳು, ಬಿಡಲಿಲ್ಲ. ಅವಳ ಕೈಯೊಳಗೆ ಕೈ ಇಟ್ಟುಕೊಂಡೇ ನಿಂಬೆವ್ವ ಬೆರಳಿಗೆ ಎಳೆ ಸುತ್ತಿಕೊಂಡಳು. ಎರಡು ಶುರು ಅವಳೇ ಹಾಕಿದಳು. ಒಂದನ್ನು ತಾನು ಹೆಣೆದಳು, ಇನ್ನೊಂದನ್ನು ಖೈರುನ್ನಿಸಾ. ಬಿಸಿಲು ಹೊಸ್ತಿಲು ದಾಟುವ ಮೊದಲೇ ಇಬ್ಬರೂ ಆಸ್ಪತ್ರೆಯ ದಾರಿ ಹಿಡಿದರು.

ನಾನು ಎಸ್ತೇರವ್ವನ ಮಡಿಲಲ್ಲಿ ಎಳೆಯ ಗುಡ್ಡೆಯಾಗಿ ಬಿದ್ದಿದ್ದೆ. ಬಿಚ್ಚಿ ಮುಗಿದ ಮೇಲೆಯೂ ನನಗೆ ಭಯವಾಗುತ್ತಿತ್ತು, ಹಾಗಾದರೆ ನಾನು ಇದ್ದೇನೆ ಅಂತ ತಿಳಿಯಿತು. ಆ ಭಯ ಕೂಸಿಗಾಗಿ ಇತ್ತು. ಸಂಜೆಯಾಯಿತು. ಓಣಿಯಲ್ಲಿ ಚಪ್ಪಲಿ ಸಪ್ಪಳವಾದಾಗಲೆಲ್ಲ ನಾವಿಬ್ಬರೂ, ಮುದುಕಿ ಮತ್ತು ನಾನು, ಬಾಗಿಲ ಕಡೆ ನೋಡಿದೆವು. ಕಡೆಗೆ ಖೈರುನ್ನಿಸಾ ಬಂದು ಬಾಗಿಲಲ್ಲೇ ಕುಕ್ಕರಿಸಿದಳು.

"ಕಾವು ನಿಂತೈತಿ ಅಕ್ಕ. ಕಳಸೂದಿಲ್ಲಂತ."

ಎಸ್ತೇರವ್ವನ ತುಟಿಗಳು ಅಲುಗಿದವು. ಈ ಸಲ ಅದು ಎಣಿಕೆಯಲ್ಲ ಅಂತ ನನಗೆ ಗೊತ್ತಾಯಿತು.

ಖೈರುನ್ನಿಸಾ ನನ್ನನ್ನು ತೊಳೆದು, ಹಿಂಡಿ, ಒಣಗಿಸಿ, ಕೂಸುಗಳಿಗೆ ಎರಡು ಜೊತೆ ಕಾಲುಚೀಲ ಹೆಣೆದಳು. ಹಿಮ್ಮಡಿ ತಿರುಗಿಸುವಾಗ ತನ್ನಷ್ಟಕ್ಕೇ ನಗುತ್ತಿದ್ದಳು. ಈ ಸಲ ಕೊನೆಗೆ ಗಂಟು ಬಿತ್ತು, ಏಕೆಂದರೆ ನಾನು ಮಾದರಿಯಲ್ಲ. ನಾನೇ ನಾಲ್ಕಾದೆ. ನಾಲ್ಕರಲ್ಲೂ ನನಗೆ ಅರಿವಿತ್ತು, ಹೇಗೆಂದು ಕೇಳಬೇಡಿ. ಹೆಬ್ಬೆರಳಿನಷ್ಟು ಉದ್ದದ ಪಾದಗಳು ನನ್ನೊಳಗೆ ಮಲಗಿದವು, ಬೆಚ್ಚಗಾದವು, ನಿಂಬೆವ್ವನ ಮನೆಗೆ ಬಂದವು.

ಒಂದು ಮಧ್ಯಾಹ್ನ, ತೊಟ್ಟಿಲಲ್ಲಿ ಸಣ್ಣ ಕೂಸು ಹಾಲಿಗೆ ಹಟ ಹಿಡಿದು ಕಾಲು ಝಾಡಿಸಿತು. ಅದರ ಒಂದು ಕಾಲಿನಲ್ಲಿದ್ದ ನಾನು ಹಾರಿ ಹೋಗಿ ಗೋಡೆಗೂ ಟ್ರಂಕಿಗೂ ನಡುವೆ ಬಿದ್ದೆ. ಹುಡುಕುತ್ತಾರೆಂದು ಕಾದೆ. ಪಾದಗಳು ಅಷ್ಟು ಹೊತ್ತಿಗೆ ಬೆಳೆದುಬಿಟ್ಟಿದ್ದವು, ಯಾರೂ ಹುಡುಕಲಿಲ್ಲ. ಉಳಿದ ಮೂರರ ಅರಿವು ಮೆಲ್ಲಗೆ ಆರಿತು, ಅವು ಎಲ್ಲಿ ಹೋದವೋ ತಿಳಿಯದು.

ಈಗ ಇದೇ ನನ್ನ ಮೂಲೆ. ಧೂಳಿದೆ, ನುಸಿಯಿದೆ. ನುಸಿಗೆ ನಾನು ಹೆದರುತ್ತೇನೆ, ಸುಳ್ಳು ಹೇಳುವುದಿಲ್ಲ. ಪಡಸಾಲೆಯಲ್ಲಿ ಹೆಂಗಸರು ಬಂದು ಕೂಡುವುದು ಕೇಳುತ್ತದೆ. ನಿಂಬೆವ್ವ ಯಾರಿಗೂ ಶುರು ಹಾಕಿಕೊಡುವುದಿಲ್ಲವಂತೆ, ಅವರ ಬೆರಳಿಗೇ ಎಳೆ ಸುತ್ತುತ್ತಾಳಂತೆ. ಎಸ್ತೇರವ್ವ ಈಗ ಇಲ್ಲ. ನನ್ನನ್ನು ಹಡೆದವಳೂ ಬಿಚ್ಚಿಸಿದವಳೂ ಅವಳೇ, ಅದರಲ್ಲಿ ಯಾವುದು ದೊಡ್ಡದೆಂದು ನಾನು ಕೂತು ಯೋಚಿಸುತ್ತೇನೆ. ಬೇಕಾದಷ್ಟು ಹೊತ್ತಿದೆ.

ಹುಡುಗಿಯರಿಬ್ಬರೂ ಮನೆ ತುಂಬ ಓಡಾಡುತ್ತಾರೆ. ದೊಡ್ಡದರ ಹೆಜ್ಜೆ ಹಗುರ, ಸಣ್ಣದರದು ಧಡಧಡ. ಒಮ್ಮೊಮ್ಮೆ ಆ ಕಾಲು ಟ್ರಂಕಿಗೆ ಬಂದು ಬಡಿಯುತ್ತದೆ. ಎಲ್ಲ ಅದುರುತ್ತದೆ, ನಾನು ಬೆಚ್ಚಿಬೀಳುತ್ತೇನೆ. ಆಮೇಲೆ ಇನ್ನೊಮ್ಮೆ ಬಡಿಯಲಿ ಅಂತ ಕಾಯುತ್ತೇನೆ.