ಗಿಡ್ಡ ಕಾಲಿನ ಮೋಟರು

ಹಾಯಿದೋಣಿ ನಡೆಸುವ ಫಮಾವ್ ತಾಂಡೇಲ ಗಾಳಿಯನ್ನು ನಂಬುವುದು ಬಿಟ್ಟು ಎರಡು ವರ್ಷವಾಗಿತ್ತು. ಬಡಗಣ ಗಾಳಿ ಸತ್ತು ತೆಂಕಣ ಗಾಳಿ ಇನ್ನೂ ಹುಟ್ಟದ ಆ ದರಿದ್ರ ತಿಂಗಳಲ್ಲಿ, ಮಗಳು ಮ್ವಾನಜಾಹಾಳನ್ನು ಹೆರಿಗೆಗೆಂದು ಪಾಟೆ ದ್ವೀಪದಿಂದ ಲಾಮು ಪಟ್ಟಣದ ಆಸ್ಪತ್ರೆಗೆ ತನ್ನ ಹಾಯಿದೋಣಿಯಲ್ಲಿ ಹೊರಡಿಸಿದ್ದ. ಅರ್ಧ ದಾರಿಯಲ್ಲಿ ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಕೂಸು ದೋಣಿಯಲ್ಲೇ ಹುಟ್ಟಿತು, ದೋಣಿಯಲ್ಲೇ ಸತ್ತಿತು. ಈಗ ಅವಳು ಮತ್ತೆ ಬಸುರಿ, ದಿನ ತುಂಬುವುದು ಮತ್ತೆ ಅದೇ ತಿಂಗಳಿಗೆ. ಇವಳ ಹೆರಿಗೆ ಮನೆಯಲ್ಲಿ ಮಾತ್ರ ಬೇಡ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಹಾಗಾಗಿ ಫಮಾವ್ ಮೋಟರು ಕೊಳ್ಳಲು ಹೊರಟ. ಅವನೊಂದಿಗೆ ಹೆಂಡತಿಯ ತಮ್ಮ ಲಾಲಿ. ಲಾಮುವಿನ ಮೆಕ್ಯಾನಿಕ್ ತ್ವಾಲಿಬ್‌ನ ಅಂಗಡಿಯಲ್ಲಿ ಎರಡು ಮೋಟರುಗಳಿದ್ದವು. ಎರಡೂ ಎಂಟು ಕುದುರೆ ಶಕ್ತಿಯವೇ. ಒಂದಕ್ಕೆ ಉದ್ದ ಕಾಲು, ಇನ್ನೊಂದಕ್ಕೆ ಗಿಡ್ಡ ಕಾಲು. ನೀರನ್ನು ತಳ್ಳುವ ಫ್ಯಾನು ಎರಡರದೂ ಇರುವುದು ಕಾಲಿನ ತುದಿಯಲ್ಲಿ.

"ಹಾಯಿದೋಣಿಗೆ ಉದ್ದದ್ದೇ ತಗೊಳ್ಳಿ ತಾಂಡೇಲರೇ," ಎಂದ ತ್ವಾಲಿಬ್. "ಅಲೆ ಮೇಲೆ ದೋಣಿ ಎದ್ರೂ ಫ್ಯಾನು ನೀರಲ್ಲೇ ಇರುತ್ತೆ."

"ಮತ್ತೆ ನನ್ನ ಸಣ್ಣ ಪಾತಿದೋಣಿಗೆ? ಅದಕ್ಕೆ ಈ ಒಂಟೆಕಾಲು ಕಟ್ಟಿದ್ರೆ ದಡದ ಕೆಸರೆಲ್ಲ ಉತ್ತು ಹಾಕುತ್ತೆ. ಎರಡಕ್ಕೂ ಆಗೋ ಒಂದು ಸಾಕು ನಂಗೆ."

"ಬಾವಂಗೆ ಒಂದೇ ಚಪ್ಪಲೀಲಿ ಎರಡು ಕಾಲು ತೂರಿಸೋ ಆಸೆ," ಎಂದು ಲಾಲಿ ನಕ್ಕ.

"ಬಾಯ್ಮುಚ್ಕೊಂಡು ಮೋಟರು ಹಿಡ್ಕೊಳೋ!" ಎಂದು ಫಮಾವ್ ಗದರಿದ.

ಗಿಡ್ಡ ಕಾಲಿನದನ್ನೇ ದೋಣಿಯ ಹಿಂದಿನ ಹಲಗೆಗೆ ಬಿಗಿದು ನೋಡಿದರು. ಅಂದು ದೋಣಿಯ ತುಂಬ ಹವಳದ ಕಲ್ಲು, ಯಾರದೋ ಮನೆ ಕಟ್ಟಲು ತಂದದ್ದು. ಅಂಚಿಗೂ ನೀರಿಗೂ ಒಂದು ಗೇಣು ಅಂತರ. ಮೋಟರು ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಅಷ್ಟು ಭಾರದ ದೋಣಿ ಸಲೀಸಾಗಿ ಬಂದರನ್ನು ಸುತ್ತಿ ಬಂತು. ಫಮಾವ್‌ನ ಮುಖ ಊರಗಲವಾಯಿತು.

"ಕಲ್ಲು ಇಳಿಸಿದ ಮೇಲೆ ಇನ್ನೊಂದ್ಸಲ ನೋಡಿ," ಎಂದ ತ್ವಾಲಿಬ್.

"ನನ್ನ ದೋಣಿ ಯಾವತ್ತಾದ್ರೂ ಖಾಲಿ ಓಡಿದ್ದು ಕಂಡಿದ್ಯೇನಯ್ಯಾ? ಖಾಲಿ ದೋಣಿ ಓಡಿಸೋನು ಕೆಲ್ಸ ಇಲ್ದೋನು."

ಈ ಒಂದು ಜಂಬ! ಆ ಕರಾವಳಿಯ ತಾಂಡೇಲರಿಗೆಲ್ಲ ಇರುವುದೇ, ಫಮಾವ್‌ಗೆ ಒಂದು ಹಿಡಿ ಜಾಸ್ತಿ. ಸರಕಿಲ್ಲದಿದ್ದರೂ ಮರಳಿನ ಚೀಲಗಳನ್ನಾದರೂ ಹೇರಿಕೊಂಡೇ ಹೊರಡುವವರು ಅವರು. ತ್ವಾಲಿಬ್ ಹಣ ಎಣಿಸಿಕೊಂಡ.

ಮುಂದಿನ ವಾರವೇ ಮಗಳನ್ನು ಲಾಮುವಿಗೆ ಒಯ್ದು ನೆಂಟರ ಮನೆಯಲ್ಲಿ ಇರಿಸುವುದೆಂದು ಮಾತಾಗಿತ್ತು. ನೋವು ಮೂರು ವಾರ ಮೊದಲೇ ಬಂತು. ಬೆಳಗಿನ ಚಹಾದ ಹೊತ್ತು. ಊರಿನ ದೊಡ್ಡ ಮೋಟರುದೋಣಿಗಳೆಲ್ಲ ಆಳಸಮುದ್ರಕ್ಕೆ ಹೋಗಿದ್ದವು, ಅಳಿಯನೂ ಅವುಗಳ ಜೊತೆಗೇ. ಗಾಳಿಯ ಸುಳಿವೇ ಇಲ್ಲ. ತೆಂಗಿನ ಗರಿಗಳು ಗೋಡೆಗೆ ಬರೆದ ಹಾಗೆ ನಿಂತಿದ್ದವು.

"ಹೆದರ್ಬೇಡ ಮಗಳೇ, ಈ ಸಲ ಮೋಟರಿದೆ," ಎಂದ ಫಮಾವ್.

ಅವನು ದಡಕ್ಕೆ ಹೋಗುವಷ್ಟರಲ್ಲಿ ಹೆಂಡತಿ ಸೋಮೋಯೆ ನೆರೆಯ ಹೆಂಗಸರನ್ನು ಕಟ್ಟಿಕೊಂಡು ದೋಣಿ ಬರಿದು ಮಾಡಿಸುತ್ತಿದ್ದಳು. ಮರಳಿನ ಚೀಲಗಳು ದಡದಲ್ಲಿ ಬಿದ್ದಿದ್ದವು. ಲಂಗರು, ಬಲೆ, ನೀರಿನ ಪೀಪಾಯಿ, ಎಲ್ಲ ಹೊರಗೆ. ಹಗ್ಗದ ಗಂಟುಗಳನ್ನೂ ಒಂದೊಂದಾಗಿ ಬಿಚ್ಚುತ್ತಿದ್ದಳು. ಹೆರುವವಳು ಕೂರುವ ದೋಣಿಯಲ್ಲಿ ಗಂಟೂ ಭಾರವೂ ಇರಕೂಡದು, ದೋಣಿ ಹಗುರಾದರೆ ಬಸಿರೂ ಹಗುರಾಗಿ ಇಳಿಯುತ್ತದೆ ಎಂಬುದು ಆ ಊರ ಹೆಂಗಸರ ಕಟ್ಟಳೆ. ಕಳೆದ ಸಲ ಅವಸರದಲ್ಲಿ ಚೀಲಗಳು ಒಳಗೇ ಉಳಿದಿದ್ದವು. ಗಂಡನ ಕಣ್ಣಿಗೆ ಕೂಸನ್ನು ತಿಂದದ್ದು ಗಾಳಿ. ಅವಳ ಕಣ್ಣಿಗೆ ಆ ಚೀಲಗಳು.

"ಚೀಲ ಯಾಕೆ ತೆಗ್ಸಿದ್ದು? ದೋಣಿ ಹೊಯ್ದಾಡುತ್ತೆ ಕಣೇ."

"ಚೀಲ ಬೇಕಾಗೋದು ಹಾಯಿ ಬಿಚ್ಚಿದ್ರೆ ಅಂತ ನೀವೇ ಹೇಳ್ತಿದ್ರಿ. ಇವತ್ತು ಹಾಯಿ ಬಿಚ್ತೀರಾ? ಇಲ್ವಲ್ಲ. ಮತ್ತೆ ಮರಳು ಯಾರ ತಲೆ ಮೇಲೆ ಸುರಿಯೋಕೆ?"

ಮಾತು ಸರಿಯೆನ್ನಿಸಿತು. ಸರಿಯಾಗಿಯೇ ಇತ್ತು, ಅದೇ ಕೇಡು. ಫಮಾವ್ ಲಾಲಿಯನ್ನು ಕರೆದು ಮೋಟರು ಬಿಗಿದ, ತಾಯಿ-ಮಗಳನ್ನು ಹತ್ತಿಸಿಕೊಂಡ.

ಒಳಗಿನ ಕಾಲುವೆಯಲ್ಲಿ ಆಗ ಇಳಿತ, ಮೊಣಕಾಲು ನೀರು. ಆದ್ದರಿಂದ ಹೊರಗಿನ ಕಡಲಲ್ಲೇ ಸುತ್ತಿ ಹೋಗಬೇಕಾಯಿತು. ಗಾಳಿ ಇರಲಿಲ್ಲ ನಿಜ, ಆದರೆ ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ಎಣ್ಣೆ ಸವರಿದ ಹಾಗೆ ನುಣ್ಣಗೆ, ದೊಡ್ಡದಾಗಿ ಬರುತ್ತಿದ್ದವು. ಸದ್ದಿಲ್ಲದ ಆ ಅಲೆಗಳನ್ನು ಕಂಡು ಲಾಲಿ ಕೂಡ ತಮಾಷೆ ನಿಲ್ಲಿಸಿದ. ಮೊದಲನೆಯದು ದೋಣಿಯ ಹಿಂಬದಿಯನ್ನು ಎತ್ತಿತು. ಫ್ಯಾನು ನೀರಿನಿಂದ ಹೊರಬಿದ್ದು ಕಿರ್ರೆಂದು ಕಿರುಚಿತು. ದೋಣಿ ಇಳಿದಾಗ ನೀರನ್ನು ಕಚ್ಚಿತು, ಎದ್ದಾಗ ಮತ್ತೆ ಕಿರುಚಿತು. ಹತ್ತು ಅಲೆ ದಾಟುವಷ್ಟರಲ್ಲಿ ಮೋಟರನ್ನು ತಣಿಸಿ ಪಕ್ಕದಿಂದ ಚಿಮ್ಮಬೇಕಾದ ನೀರು ನಿಂತು ಸುಟ್ಟ ವಾಸನೆ ಬಂತು. ಫಮಾವ್ ಗಾಬರಿಯಿಂದ ಆಫ್ ಮಾಡಿದ.

"ಆ ಕಳ್ಳ ತ್ವಾಲಿಬ್! ಹಾಳು ಮಾಲು ಗಂಟು ಹಾಕ್ಬಿಟ್ಟ!"

ಪ್ಲಗ್ ಬಿಚ್ಚಿ ಒರೆಸಿದ. ಪೆಟ್ರೋಲಿನ ಪೈಪು ಊದಿದ. ತಣಿಯಲು ಬಿಟ್ಟು ಎಬ್ಬಿಸಿದ. ಅದು ಕಿರುಚಿತು, ಕಾದಿತು, ಮತ್ತೆ ಆಫ್. ಹೀಗೇ ಒಂದು ಗಂಟೆಗೂ ಮಿಕ್ಕಿ ಹೋಯಿತು. ನಡುವೆ ಚಾಪೆಯ ಮೇಲೆ ಮ್ವಾನಜಾಹಾ ತುಟಿ ಕಚ್ಚಿ ಮಲಗಿದ್ದಳು. ಮೊದಮೊದಲು ಕೂಗುತ್ತಿದ್ದವಳು ಈಗ ಕೂಗುತ್ತಿರಲಿಲ್ಲ.

"ಅಪ್ಪಾ, ಮತ್ತೆ ಅದೇ ಜಾಗಾನಾ ಇದು?" ಎಂದಳು ಒಮ್ಮೆ.

ಫಮಾವ್ ಮತ್ತೆ ಮೋಟರಿನ ಹಗ್ಗ ಎಳೆದ. ಹಿಂಬದಿಯಲ್ಲಿ ಬಗ್ಗಿ ನೋಡುತ್ತಿದ್ದ ಲಾಲಿ ಮೆಲ್ಲಗೆ ಹೇಳಿದ, "ಬಾವ, ಮೋಟರು ಸರಿಯಾಗೇ ಇದೆ. ದೋಣಿ ಹಗುರಾಗಿ ಎದ್ದು ನಿಂತಿದೆ ನೋಡು, ಫ್ಯಾನು ನೀರಿಗೆ ಎಟುಕ್ತಿಲ್ಲ. ಅವತ್ತು ಕಲ್ಲಿತ್ತು."

ಫಮಾವ್ ನೋಡಿದ. ಅಷ್ಟೇ ಸಾಕಾಯಿತು. ಎಲ್ಲರೂ ಹಿಂದಕ್ಕೆ ಸರಿದು ಕೂತರು, ಸಾಲಲಿಲ್ಲ. ಹೇರಲು ಏನಿದೆ? ಸುತ್ತ ಕಡಲು. ಅವನು ನೀರು ಎತ್ತುವ ಚಿಪ್ಪನ್ನು ಕೈಗೆತ್ತಿಕೊಂಡ. ನಲವತ್ತು ವರ್ಷ ದೋಣಿಯೊಳಗಿನ ನೀರನ್ನು ಹೊರಗೆ ಚೆಲ್ಲಿದ ಕೈ, ಕಡಲನ್ನು ಒಳಗೆ ಮೊಗೆದು ಹಾಕತೊಡಗಿತು.

"ಬೇಡ! ಭಾರ ಹಾಕ್ಬೇಡಿ!" ಎಂದು ಸೋಮೋಯೆ ಅವನ ತೋಳು ಹಿಡಿದಳು. ಆಮೇಲೆ ಮಗಳ ಮುಖ ನೋಡಿದಳು. ಬಿಳಿಚಿಹೋಗಿದ್ದ ಆ ಮುಖ ನೋಡಿ ತೋಳು ಬಿಟ್ಟಳು, ತಾನೇ ಪಾತ್ರೆ ಹಿಡಿದು ಮೊಗೆದಳು. ಅಳುತ್ತ, ದೇವರನ್ನು ಕೂಗುತ್ತ, ಹುಚ್ಚಿಯ ಹಾಗೆ ಮೊಗೆದಳು.

ನೀರೆಲ್ಲ ಹಿಂದಕ್ಕೆ ಹರಿದು ನಿಂತಿತು. ದೋಣಿ ಕೂತಿತು. ಫ್ಯಾನು ನೀರನ್ನು ಕಚ್ಚಿ ಹಿಡಿಯಿತು. ಸೊಂಟದವರೆಗೆ ತೊಯ್ದ ಮಗಳನ್ನು ತೊಡೆಯ ಮೇಲೆ ಎತ್ತಿ ಹಿಡಿದು ಸೋಮೋಯೆ ಕೂತಿದ್ದಳು, ದೋಣಿ ಒಂದೇ ಸಮನೆ ಲಾಮುವಿನತ್ತ ಓಡಿತು. ಎಷ್ಟು ಚೆನ್ನಾಗಿ ಓಡಿತೆಂದರೆ, ಫಮಾವ್‌ಗೆ ಅದರ ಸದ್ದನ್ನು ಸಹಿಸಲಾಗಲಿಲ್ಲ.

ಆಸ್ಪತ್ರೆಯಲ್ಲಿ ಮಗಳು ಉಳಿದಳು. ಕೂಸು ಉಳಿಯಲಿಲ್ಲ. ಗಂಡು. ಹೊಟ್ಟೆಯೊಳಗೇ ಉಸಿರು ಕಟ್ಟಿತ್ತು, ಸ್ವಲ್ಪ ಮುಂಚೆ ಬಂದಿದ್ದರೆ ಎಂದಷ್ಟೇ ಹೇಳಿ ಡಾಕ್ಟರಮ್ಮ ಒಳಗೆ ಹೋದರು.

ಗಂಡ ಹೆಂಡತಿ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು. ಮೈಯ ಉಪ್ಪುನೀರು ಒಣಗಿ ಬೆಳ್ಳಗೆ ಪೊರೆಗಟ್ಟಿತ್ತು.

"ನಾನೇ ಕೊಂದೆ ಕಣೇ," ಎಂದ ಫಮಾವ್. "ಕಲ್ಲು ತುಂಬ್ಕೊಂಡು ಮೋಟರು ನೋಡಿ ತಗೊಂಡೆ."

"ಚೀಲ ಇಳಿಸಿದ್ದು ನಾನು."

"ತ್ವಾಲಿಬ್ ಉದ್ದದ್ದು ತಗೋ ಅಂದ. ಬಡ್ಕೊಂಡ."

"ನೀವು ಚೀಲ ಯಾಕೆ ಅಂತ ಕೇಳಿದ್ರಿ. ನಾನೇ ಬಾಯಿ ಮುಚ್ಚಿಸ್ದೆ."

ಇಬ್ಬರೂ ಬಿಟ್ಟುಕೊಡಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೋಗಲಿ ಬಿಡು ಎನ್ನಲೂ ಇಲ್ಲ.

ನರ್ಸು ಬಾಗಿಲಲ್ಲಿ ಬಂದು ನಿಂತಳು. "ಮ್ವಾನಜಾಹಾಗೆ ಎಚ್ಚರ ಆಗಿದೆ. ಮಗು ಎಲ್ಲಿ ಅಂತಿದ್ದಾಳೆ. ಅಪ್ಪ ಬರ್ತೀರೋ, ಅಮ್ಮ ಬರ್ತೀರೋ?"

ಸೋಮೋಯೆ ಗಂಡನ ಮುಖ ನೋಡಿದಳು. ಫಮಾವ್ ನೆಲ ನೋಡಿದ. ನರ್ಸು ಬಾಗಿಲು ಹಿಡಿದು ಕಾಯುತ್ತಿದ್ದಳು; ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ.