ಅಕ್ಕ ಆಡಿಟ್ಟ ಮಾತು

ಅಕ್ಕನ ಗಂಟಲಿನ ಆಪರೇಷನ್ ಆಗಿ ಅದು ಐದನೆಯ ದಿನ. ಇನ್ನು ಅವಳಿಗೆ ದನಿ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಬರುವುದಾದರೂ ಎಲ್ಲಿಂದ? ಅದಕ್ಕೇ ತಂಗಿ ಒಂದು ಉಪಾಯ ಹೂಡಿದ್ದಳು. ಅಂಗಡಿಗಳಿಗೆ ದಾಸ್ತಾನಿನ ಪ್ರೋಗ್ರಾಂ ಬರೆದುಕೊಡುವುದು ಅವಳ ಕಸುಬು. ಅಕ್ಕನ ಮಾತನ್ನು ಅಕ್ಕನ ದನಿಯಲ್ಲೇ ಹಿಡಿದಿಟ್ಟು, ಆಮೇಲೆ ಗುಂಡಿ ಒತ್ತಿದರೆ ಕೇಳಿಸುವ ಪ್ರೋಗ್ರಾಂ ಒಂದನ್ನು ಬರೆದು ಅಕ್ಕನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದಳು.

ಅಕ್ಕನೋ, ಕಾರ್ಖಾನೆಯ ಕ್ಯಾಂಟೀನು ನಡೆಸಿದವಳು. ಒಲೆಯ ಮುಂದೆ ನಿಂತು ಕೂಗಿದರೆ ಗೇಟಿನ ಕಾವಲುಗಾರ ಎದ್ದು ನಿಲ್ಲುತ್ತಿದ್ದ. ಆಪರೇಷನ್ನಿಗೆ ಮುಂಚೆ ಹತ್ತು ದಿನ ಕೋಣೆಯ ಬಾಗಿಲು ಹಾಕಿಕೊಂಡು ನಾನೂರ ಹನ್ನೆರಡು ಮಾತು ಆಡಿಟ್ಟಳು. ನೀರು ಕೊಡು, ನೋಯ್ತಿದೆ ಎಂಬಂಥವು ಇಪ್ಪತ್ತೋ ಮೂವತ್ತೋ. ಉಳಿದದ್ದೆಲ್ಲ ಬೈಗುಳ, ಮುದ್ದು, ಗಂಡನನ್ನು ಗೋಳುಹೊಯ್ದುಕೊಳ್ಳುವ ಮಾತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಒಂದೊಂದಾಗಿ ಆಡಿದ್ದಳು.

"ಇನ್ನು ಬಚಾವಾದೆ ಅನ್ಕೊಂಡಿದಾರೆ ನಿನ್ನ ಭಾವ. ಬಿಡ್ತೀನಾ!" ಎಂದಿದ್ದಳು.

ಈಗ ತಂಗಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಅದೇ ಲ್ಯಾಪ್‌ಟಾಪು ತೆರೆದಿದ್ದಳು. ನಾನೂರ ಹನ್ನೆರಡು ಫೈಲೂ ಇದ್ದವು. ಒಂದೊಂದರ ಗಾತ್ರವೂ ಸೊನ್ನೆ.

ಎಲ್ಲಿ ಎಡವಿದ್ದೆಂದು ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಮಾಡಿದವಳು ತಾನೇ ಅಲ್ಲವೇ? ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಗಳಿಂದ ಅರ್ಧ ಕೆಲಸ ಮಾಡಿಸುತ್ತಾರೆ. ಇನ್ನೊಬ್ಬರ ಕಂಪ್ಯೂಟರಿಗೆ ಹಾಕುವಾಗ ಅವನ್ನೆಲ್ಲ ಜೊತೆಗೇ ಗಂಟು ಕಟ್ಟಬೇಕು. ಒಂದು ಬಿಟ್ಟುಹೋದರೂ ಬರೆದವರ ಕಂಪ್ಯೂಟರಿನಲ್ಲಿ ಗೊತ್ತಾಗುವುದಿಲ್ಲ, ಅಲ್ಲಿ ಅದು ಮೊದಲೇ ಇರುತ್ತದೆ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಮೊದಲ ದಿನವೇ ಎರರ್ ಬಂದಿತ್ತು: ಒಂದು ಲೈಬ್ರರಿ ಸಿಗುತ್ತಿಲ್ಲ. ಸೇರಿಸಿದಳು. ಇನ್ನೊಂದು ಸಿಗುತ್ತಿಲ್ಲ. ಅದನ್ನೂ ಸೇರಿಸಿದಳು. ಮೂರನೆಯ ಸಲ ಬಂದಾಗ ಅಕ್ಕನ ಮುಖ ಸಣ್ಣಗಾಯಿತು.

"ಆಗಲ್ವೇನೇ ಇದು?"

"ಆಗುತ್ತೆ, ಇರು" ಎಂದು ತಂಗಿ ಒಂದು ಸಾಲು ಬರೆದಳು: ಎರರ್ ಬಂದರೆ ತೋರಿಸಬೇಡ, ಸುಮ್ಮನೆ ಮುಂದೆ ಹೋಗು. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿ ಮಗು ಸುಮ್ಮನಾಯಿತು ಎಂದ ಹಾಗೆ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡವಳು ಸ್ಕ್ಯಾನು, ರಕ್ತಪರೀಕ್ಷೆಗಳ ಓಡಾಟದಲ್ಲಿ ಮರೆತೇಬಿಟ್ಟಳು. ಆ ಮೂರನೆಯದೇ ದನಿಯನ್ನು ಫೈಲಿಗೆ ಬರೆಯುವ ಲೈಬ್ರರಿ. ಅಕ್ಕ ಆಡಿದ್ದು ಆ ಕ್ಷಣಕ್ಕೆ ತಿರುಗಿ ಕೇಳಿಸುತ್ತಿತ್ತು, ಉಳಿಯಿತು ಎಂದೂ ಪರದೆ ಹೇಳುತ್ತಿತ್ತು. ಉಳಿದದ್ದು ಹೆಸರು ಮಾತ್ರ.

ತಂಗಿ ಫೋನಿನಲ್ಲೆಲ್ಲ ಅಕ್ಕನ ದನಿಗಾಗಿ ತಡಕಾಡಿದಳು. ಮನೆಯಲ್ಲಿ ವಿಡಿಯೋ ತೆಗೆಯುತ್ತಿದ್ದವಳು ಯಾವಾಗಲೂ ಅಕ್ಕನೇ. ಗದ್ದಲದ ನಡುವೆ "ಈ ಕಡೆ ನೋಡ್ರೋ" ಎಂಬುದೊಂದು ಸಿಕ್ಕಿತು, ಅಷ್ಟೇ.

ಅಕ್ಕ ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ಹಾಕೇ. ಅವರು ನಿದ್ದೆ ಮಾಡ್ತಿದಾರೆ. ಏಳಿಸೋ ಮಾತು ಹಾಕು."

ಮೂರು ದಿನದಿಂದ ಕಣ್ಣು ಮುಚ್ಚದ ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಲೆ ವಾಲಿಸಿದ್ದರು.

"ಅಕ್ಕಾ, ಒಂದೂ ಇಲ್ಲ ಕಣೇ" ಎಂದಳು ತಂಗಿ. "ನನ್ನ ತಪ್ಪು. ಒಂದೂ ಉಳಿದಿಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲು ಬಾಯೆಲ್ಲಿ? ಅಕ್ಕ ಸ್ಲೇಟನ್ನು ಅಂಗೈಯಿಂದ ಒರೆಸಿ ಗೋಡೆಯ ಕಡೆ ನೋಡುತ್ತ ಕೂತಳು. ತಂಗಿ ಏನು ಮಾಡಲೂ ತೋಚದೆ ಬಿಟ್ಟುಹೋದ ಲೈಬ್ರರಿಯನ್ನು ಸೇರಿಸಿ ಗಂಟನ್ನು ಹೊಸದಾಗಿ ಕಟ್ಟಿದಳು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನು ಅವತ್ತು ಕೊಟ್ಟಿರಲಿಲ್ಲವೆಂದು ನೆನೆದು ಅವಳಿಗೆ ತನ್ನ ಕೈಯನ್ನೇ ಕಡಿದುಹಾಕಬೇಕೆನಿಸಿತು. ಪ್ರೋಗ್ರಾಂ ಈಗ ಸರಿಯಾಗಿ ನಡೆಯಿತು. ಮಾತಾಡಿ ಎಂದು ಕೇಳಿತು.

"ನಿನ್ನ ಬದಲು ನಾನೇ ಓದಿಡ್ಲಾ?"

ತಂಗಿ ನೋಟ್‌ಬುಕ್ಕು ಬಿಡಿಸಿ, ಅಕ್ಕನದೇ ಧಾಟಿಯಲ್ಲಿ ಮೊದಲ ಸಾಲು ಓದಿದಳು: "ರೀ, ಏಳ್ರೀ, ಸೂರ್ಯ ನೆತ್ತಿಗೆ ಬಂದ!"

ಭಾವ ದಡಬಡಿಸಿ ಎದ್ದರು. "ಎದ್ದೆ ಕಣೇ, ಎದ್ದೆ" ಎನ್ನುತ್ತ, ಕಣ್ಣು ಪೂರ್ತಿ ತೆರೆಯುವ ಮೊದಲೇ ಮಂಚದ ಕಡೆ ತಿರುಗಿ ನಕ್ಕರು. ಆಮೇಲೆ ಲ್ಯಾಪ್‌ಟಾಪು ನೋಡಿದರು. "ಅಯ್ಯೋ, ಥೇಟ್ ಅವಳೇ! ಇನ್ನೊಂದು ಹಾಕಮ್ಮ."

"ಅದು ನಾನು, ಭಾವ" ಎಂದಳು ತಂಗಿ. "ಅವಳದ್ದು ಯಾವುದೂ ಉಳಿದಿಲ್ಲ."

ಅವರ ಮುಖದಿಂದ ನಗು ಇಳಿದುಹೋಗುವುದನ್ನು ಅಕ್ಕ ಕೊನೆಯತನಕ ನೋಡಿದಳು. ತಂಗಿಯ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟಳು. ಸ್ಲೇಟು ಎಳೆದುಕೊಂಡು ಬರೆದಳು: "ಇನ್ನು ಯಾವತ್ತೂ ಅವರನ್ನ ನನ್ನ ಹಾಗೆ ಕರೀಬೇಡ."